ಕಾರವಾರದ ಟರ್ಬಿನೇರಿಯಾ ತೊಟ್ಟಿ: ಅಕ್ಟೋಬರ್‌ನಿಂದ ಮುಂದಿನ ನವೆಂಬರ್‌ವರೆಗಿನ ಕೆಲಸದ ದಾಖಲೆ

ಟರ್ಬಿನೇರಿಯಾ ಎಂಬ ಗಟ್ಟಿ ಹವಳವನ್ನು ಉಪ್ಪುನೀರಿನ ತೊಟ್ಟಿಯಲ್ಲಿ ಬೆಳೆಸಿದ ದಾಖಲೆ ಇದು. ಮೊದಲು ಕಾನೂನು. ಗಟ್ಟಿ ಹವಳಗಳೆಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಮಾಡುವವರು ಒಂದು ಚೂರನ್ನೂ ಮುರಿಯುವಂತಿಲ್ಲ, ದಂಡೆಗೆ ಬಂದು ಬಿದ್ದ ಸತ್ತ ಹವಳವನ್ನು ಮನೆಗೆ ತರುವಂತೆಯೂ ಇಲ್ಲ. ಹೊರದೇಶದಿಂದ ತರಿಸಲು ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಕಾಗದವೂ ಬೇಕು. ಇಲ್ಲಿ ಬರೆದಿರುವ ತೊಟ್ಟಿ ಪರವಾನಗಿ ಇರುವ ಒಂದು ಬೋಧನಾ ಪ್ರಯೋಗಾಲಯದ್ದು, ಅದರ ಹವಳಗಳೆಲ್ಲ ತೊಟ್ಟಿಯಲ್ಲೇ ಬೆಳೆದು ಕಾಗದದ ಸಮೇತ ಬಂದವು. ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇಡುವವರಿಗೆ ನೀರು, ಕಲ್ಲು, ಕರೆಂಟಿನ ಭಾಗಗಳು ಸಾಕು.

ಟರ್ಬಿನೇರಿಯಾ ಕುಲವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಡೆಂಡ್ರೊಫಿಲಿಡೇ ಕುಟುಂಬದ ಹೆಚ್ಚಿನ ಹವಳಗಳು ಬೆಳಕಿನಿಂದ ಆಹಾರ ಮಾಡಿಕೊಡುವ ಪಾಚಿ ಇಲ್ಲದೆ ಬರೀ ಆಹಾರದ ಮೇಲೆ ಬದುಕುತ್ತವೆ. ಟರ್ಬಿನೇರಿಯಾ ಹಾಗಲ್ಲ, ಅದರ ಮಾಂಸದೊಳಗೆ ಪಾಚಿ ಇದೆ, ಜತೆಗೆ ಆಹಾರವನ್ನೂ ಹಿಡಿಯುತ್ತದೆ. ರಾಡಿ ನೀರಿನಲ್ಲೂ ಬದುಕುವ ಜಾತಿಗಳು ಇದರಲ್ಲಿವೆ. ಅಕ್ರೊಪೊರಾ ಎಂಬ ಕವಲು ಹವಳ ಒಂದೇ ದಿನದಲ್ಲಿ ಕೈಕೊಡುವ ಏರಿಳಿತವನ್ನು ಇದು ಒಂದು ವಾರ ತಾಳಿಕೊಳ್ಳುತ್ತದೆ, ಅಷ್ಟರಲ್ಲಿ ರಿಪೇರಿ ಮಾಡಬಹುದು. ತೊಟ್ಟಿಯಲ್ಲಿರುವುದು ರೆನಿಫಾರ್ಮಿಸ್ ಎರಡು, ಪೆಲ್ಟಾಟಾ ಒಂದು. ರೆನಿಫಾರ್ಮಿಸ್ ಹಳದಿ, ತೆಳು ಹಾಳೆಯಂತೆ ಸುರುಳಿ ಬೆಳೆಯುವುದು. ಪೆಲ್ಟಾಟಾ ದಪ್ಪ, ದೊಡ್ಡ ಪಾಲಿಪ್‌ಗಳದ್ದು (ಪಾಲಿಪ್ ಎಂದರೆ ಹವಳದ ಹೂವಿನಂಥ ಬಾಯಿ).

1. ಅಕ್ಟೋಬರ್: ಕಲ್ಲು

ಹವಳದ ಕಲ್ಲು ತರುವಂತಿಲ್ಲವಾದ್ದರಿಂದ ಸಿಮೆಂಟಿನಲ್ಲಿ ಎರಕ ಹಾಕಬೇಕು. ಇದಕ್ಕೇ ಅತಿ ಹೆಚ್ಚು ಸಮಯ ಹಿಡಿಯುವುದರಿಂದ ತೊಟ್ಟಿಗಿಂತ ಮೊದಲು ಶುರು ಮಾಡಿದ್ದು ಇದನ್ನೇ.

ಅಳತೆ ಪಾತ್ರೆಯ ಲೆಕ್ಕ: ಪೋರ್ಟ್‌ಲ್ಯಾಂಡ್ ಸಿಮೆಂಟ್ 1, ಪುಡಿ ಮಾಡಿದ ಕಲ್ವ (ಸಿಂಪಿ) ಚಿಪ್ಪು 2, ಗೋಕರ್ಣ ಹತ್ತಿರದ ಸಾಣಿಕಟ್ಟಾ ಉಪ್ಪಿನ ಗದ್ದೆಯ ಹರಳುಪ್ಪು ಒಂದೂವರೆ. ಉಪ್ಪು ಆಮೇಲೆ ಕರಗಿ ಹೋಗಿ ಕಲ್ಲಿನಲ್ಲಿ ತೂತು ಉಳಿಯುತ್ತದೆ, ಹೊಲಸಿನ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಕೂರುವುದು ಆ ತೂತುಗಳಲ್ಲಿ. ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿನಲ್ಲಿ ಹನಿ ಜಿನುಗಬಾರದು. ಮೊದಲ ಎರಕ ನೀರು ಹೆಚ್ಚಾಗಿ ಕೆಟ್ಟಿತು: ಸಿಮೆಂಟು ಹಿಡಿಯುವ ಮೊದಲೇ ಉಪ್ಪು ಕರಗಿ, ತೂತಿಲ್ಲದ ಮುದ್ದೆಯಾಗಿ ಕುಳಿತಿತು. ಚಿಪ್ಪನ್ನು ಕುದಿಸಿ, ಬಿಸಿಲಿಗೆ ಹಾಕಿ, ಉಳಿದ ಮಾಂಸ ಕೆರೆದ ಮೇಲೆಯೇ ಪುಡಿ ಮಾಡಬೇಕು. ಇಲ್ಲದಿದ್ದರೆ ವಾಸನೆ ಜೊತೆಗೆ ಫಾಸ್ಫೇಟ್ ಕೂಡ ತೊಟ್ಟಿಗೆ ಬರುತ್ತದೆ.

ಎರಕವನ್ನು ಒದ್ದೆ ಗೋಣಿ ಮುಚ್ಚಿ ಒಂದು ವಾರ ಇಟ್ಟು, ಆಮೇಲೆ ಸಿಹಿನೀರಿನ ಡ್ರಮ್ಮಿಗೆ ಹಾಕಿದ್ದು. ಮೊದಮೊದಲು ಆ ನೀರಿನ ಪಿಎಚ್ 11 ದಾಟುತ್ತದೆ. ಎರಡು ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ ಬದಲಿಸುತ್ತಾ ಹೋಗಬೇಕು. ಹೊಸ ನೀರು ಹಾಕಿ 24 ಗಂಟೆ ಬಿಟ್ಟು ಅಳೆದಾಗ ಪಿಎಚ್ 8.5 ದಾಟದಿದ್ದರೆ ಕಲ್ಲು ತಯಾರು. ಡಿಸೆಂಬರ್ ಕೊನೆಯವರೆಗೂ ಹಿಡಿಯಿತು. ವಿನೆಗರ್‌ನಲ್ಲಿ ನೆನೆಸಿ ಬೇಗ ಮುಗಿಸಬಹುದು ಎಂದು ಹೇಳುವವರಿದ್ದಾರೆ. ಅದರಿಂದ ಮೇಲ್ಮೈ ಮಾತ್ರ ಸರಿಯಾಗುತ್ತದೆ, ಒಳಗಿನ ಸುಣ್ಣ ಮತ್ತೆ ಹೊರಬಂದು ಒಂದು ವಾರದಲ್ಲಿ ಪಿಎಚ್ ಏರಿ ಕೂರುತ್ತದೆ.

2. ಡಿಸೆಂಬರ್–ಜನವರಿ: ತೊಟ್ಟಿ, ಸ್ಟ್ಯಾಂಡ್

ತೊಟ್ಟಿ 120 × 60 × 45 ಸೆಂ.ಮೀ., 10 ಮಿ.ಮೀ. ಗಾಜು. ನೀರಿನ ಎತ್ತರ 40 ಸೆಂ.ಮೀ., ಅಂದರೆ 288 ಲೀಟರ್. ಕೆಳಗಿನ ಸಂಪ್ 90 × 40 × 40, ಅದರಲ್ಲಿ ನೀರು 22 ಸೆಂ.ಮೀ. ಕಲ್ಲು ಕಳೆದು ಒಟ್ಟು ಸುಮಾರು 340 ಲೀಟರ್. ಮುಂದಿನ ಎಲ್ಲ ಲೆಕ್ಕವೂ ಈ 340ರ ಮೇಲೆ. ಆಳ ಕಡಿಮೆ ಇಟ್ಟಿದ್ದು ಬೇಕೆಂದೇ: ಕೈ ತಳ ಮುಟ್ಟಬೇಕು, ಬೆಳಕೂ ಮುಟ್ಟಬೇಕು.

ಕಬ್ಬಿಣದ ಸ್ಟ್ಯಾಂಡ್ ಕಾರವಾರಕ್ಕೆ ಆಗಿಬರುವುದಿಲ್ಲ. ಎರಡು ಕೋಟ್ ಇಪಾಕ್ಸಿ ಬಳಿದದ್ದಕ್ಕೂ ವೆಲ್ಡಿಂಗ್ ಜಾಗದಲ್ಲಿ ತುಕ್ಕು ಕಾಣಿಸಿತು. ಅದನ್ನು ತೆಗೆದು ಚಿರೆಕಲ್ಲಿನ ಮೂರು ಅಡ್ಡಗೋಡೆ, ಮೇಲೆ 40 ಮಿ.ಮೀ. ಗ್ರಾನೈಟ್ ಹಾಸು, ಅದರ ಮೇಲೆ 12 ಮಿ.ಮೀ. ಥರ್ಮಕೋಲ್ ಹಾಕಿದ್ದು. ನೀರು, ಗಾಜು, ಕಲ್ಲು ಸೇರಿ 370 ಕೆ.ಜಿ. ಹತ್ತಿರ ಭಾರ. ಚಿರೆಕಲ್ಲು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ, ಖರ್ಚೂ ಕಬ್ಬಿಣಕ್ಕಿಂತ ಕಡಿಮೆ ಬಂತು. ಸ್ಕ್ರೂ, ಕ್ಲಾಂಪ್ ಎಲ್ಲ ಪ್ಲಾಸ್ಟಿಕ್ ಅಥವಾ 316 ಸ್ಟೀಲ್. ಪ್ಲಗ್‌ಗಳಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಕಡಿಯುವ ಸ್ವಿಚ್. ಎಲ್ಲ ವಯರ್‌ಗೂ ಪ್ಲಗ್‌ಗಿಂತ ಕೆಳಗೆ ಒಂದು ಜೋಲು ಬಿಟ್ಟು ಕಟ್ಟಬೇಕು, ಹನಿ ಅಲ್ಲೇ ಉದುರಲಿ.

ಖರ್ಚು: ತೊಟ್ಟಿ–ಸಂಪ್ 22,000 ರೂ., ಸ್ಕಿಮ್ಮರ್ (ನೊರೆಯಲ್ಲಿ ಹೊಲಸು ತೆಗೆಯುವ ಯಂತ್ರ) 14,000, ಎಲ್‌ಇಡಿ ಎರಡಕ್ಕೆ 26,000, ನೀರು ತಂಪು ಮಾಡುವ ಕಾಲು ಎಚ್‌ಪಿ ಚಿಲ್ಲರ್ 38,000, ಪಂಪ್‌ಗಳು 11,000. ಚಿಲ್ಲರ್ ಬೆಲೆ ನೋಡಿ ಫ್ಯಾನ್ ಸಾಕು ಅನ್ನಿಸುವುದು ಸಹಜ, ಅದರ ಮಾತು ಮುಂದೆ ಬರುತ್ತದೆ.

3. ಫೆಬ್ರವರಿ: ನೀರು

ಸಮುದ್ರ ಕೂಗಳತೆಯಲ್ಲಿದೆ, ನೀರಿಗೇನು ಬರ ಅನ್ನಿಸುತ್ತದೆ. ಜುಲೈನಲ್ಲಿ ಟಾಗೋರ್ ಕಡಲತೀರದಲ್ಲಿ ಹೈಡ್ರೋಮೀಟರ್ ಅದ್ದಿ ನೋಡಿದರೆ ಉತ್ತರ ಸಿಗುತ್ತದೆ: ಕಾಳಿ ನದಿ ತಂದು ಸುರಿಯುವ ಕೆಂಪು ನೀರಿನಲ್ಲಿ ಸಾಪೇಕ್ಷ ಸಾಂದ್ರತೆ 1.010 ಮುಟ್ಟುವುದೂ ಕಷ್ಟ. ಹವಳಕ್ಕೆ ಬೇಕಾದ್ದು 1.026 ಹತ್ತಿರ. ಜೂನ್‌ನಿಂದ ಅಕ್ಟೋಬರ್ ಕೊನೆಯವರೆಗೆ 22 ವಾರ, ವಾರಕ್ಕೆ ಹತ್ತು ಪ್ರತಿಶತದಂತೆ 34 ಲೀಟರ್ ಬದಲಾವಣೆ, ಒಟ್ಟು 748 ಲೀಟರ್. ಆದ್ದರಿಂದ 1,000 ಲೀಟರಿನ ಕಪ್ಪು ಟ್ಯಾಂಕು ಫೆಬ್ರವರಿ, ಮಾರ್ಚ್‌ನೊಳಗೆ ತುಂಬಿರಬೇಕು. ಈ ಇಡೀ ಯೋಜನೆಯಲ್ಲಿ ತಪ್ಪಿದರೆ ಮತ್ತೆ ಸರಿಪಡಿಸಲಾಗದ ಹೆಜ್ಜೆ ಇದೊಂದೇ.

ಎಲ್ಲಿಂದ: ಕಾಳಿ ಅಳಿವೆಯಿಂದ ದೂರ, ಬೈತಖೋಲ್ ಬಂದರಿನ ಡೀಸೆಲ್ ನೀರಿನಿಂದ ದೂರ, ಕಾರ್ಖಾನೆಗಳ ನೀರು ಬೀಳುವ ಜಾಗದಿಂದ ದೂರ. ಮಾಜಾಳಿ ಕಡೆಯಿಂದ ದೋಣಿಯಲ್ಲಿ ತೆರೆ ಮುರಿಯುವ ಸಾಲು ದಾಟಿ, 35 ಲೀಟರ್ ಕ್ಯಾನ್‌ಗಳನ್ನು ಒಂದಾಳು ಕೆಳಗೆ ಮುಳುಗಿಸಿ ತುಂಬಿದ್ದು. ಮೇಲ್ಪದರದ ನೀರು ಬೇಡ, ತೇಲುವ ಎಣ್ಣೆ ಕಸ ಅಲ್ಲೇ ಇರುತ್ತದೆ.

ಯಾವಾಗ: ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತಿ ತಳದ ಕೆಸರನ್ನೆಲ್ಲ ಎಬ್ಬಿಸುತ್ತದೆ. ಅಷ್ಟಮಿ ಆಸುಪಾಸಿನ ಸಣ್ಣ ಭರತಿ ಒಳ್ಳೆಯದು, ಭರತಿ ತುಂಬಿ ನಿಂತ ಹೊತ್ತು ಇನ್ನೂ ಒಳ್ಳೆಯದು. ರಾತ್ರಿ ತೆರೆ ನೀಲಿಯಾಗಿ ಮಿನುಗುತ್ತಿದೆ ಎಂದು ಮೀನುಗಾರರು ಹೇಳಿದರೆ ಆ ವಾರ ನೀರು ತುಂಬಬೇಡಿ. ಅದು ನಾಕ್ಟಿಲೂಕಾ, ಒಡೆದಾಗ ಅಮೋನಿಯಾ ಬಿಡುತ್ತದೆ.

ಸಂಸ್ಕರಣೆ: ಎರಡು ದಿನ ಕದಲಿಸದೆ ಇಟ್ಟು, ತಳದ ನಾಲ್ಕು ಬೆರಳು ಬಿಟ್ಟು ಮೇಲಿನ ನೀರನ್ನು 5 ಮೈಕ್ರಾನ್ ಫಿಲ್ಟರ್ ಮೂಲಕ ಟ್ಯಾಂಕಿಗೆ ಪಂಪ್ ಮಾಡಿದ್ದು. ಆಮೇಲೆ 10 ಪ್ರತಿಶತದ ಸೋಡಿಯಂ ಹೈಪೋಕ್ಲೋರೈಟ್ 100 ಮಿ.ಲೀ., ಅಂದರೆ 1,000 ಲೀಟರಿಗೆ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಕ್ಲೋರಿನ್. ಗಾಳಿ ಕಲ್ಲು ಹಾಕಿ 24 ಗಂಟೆ. ಉಳಿದ ಕ್ಲೋರಿನ್ ಕಿಟ್‌ನಲ್ಲಿ ಅಳೆದು, ಪ್ರತಿ ಪಿಪಿಎಂಗೆ 7 ಪಿಪಿಎಂ ಸೋಡಿಯಂ ಥಯೋಸಲ್ಫೇಟ್. 3 ಪಿಪಿಎಂ ಉಳಿದಿತ್ತು, ಹಾಕಿದ್ದು 21 ಗ್ರಾಂ. ಮತ್ತೆ ಒಂದು ದಿನ ಗಾಳಿ, ಕಿಟ್‌ನಲ್ಲಿ ಸೊನ್ನೆ ಬಂದ ಮೇಲೆ ಮುಚ್ಚಳ.

ಇಲ್ಲಿ ಕೆಡುವುದು ಹೈಪೋಕ್ಲೋರೈಟ್ ಬಾಟಲಿ. ಕರಾವಳಿಯ ಸೆಖೆಗೆ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತ ಬಾಟಲಿಯಲ್ಲಿ ಚೀಟಿ ಮೇಲೆ ಬರೆದ ಶಕ್ತಿ ಉಳಿದಿರುವುದಿಲ್ಲ. ಹಾಕಿ ಒಂದು ಗಂಟೆಗೆ ಕಿಟ್ ಬಣ್ಣ ಕೊಡದಿದ್ದರೆ ಆ ಬಾಟಲಿ ನೆಲ ಒರೆಸಲಿಕ್ಕೆ, ಹೊಸದು ತಂದು ಮತ್ತೆ ಮೊದಲಿನಿಂದ.

ಸಾಣಿಕಟ್ಟಾದ ಉಪ್ಪನ್ನೇ ನೀರಿಗೆ ಕಲಸಿ ಸಮುದ್ರ ಮಾಡಬಾರದೇ ಎಂಬ ಪ್ರಶ್ನೆ ಈ ಜಿಲ್ಲೆಯಲ್ಲಿ ಬಂದೇ ಬರುತ್ತದೆ. ಆಗುವುದಿಲ್ಲ. ಗದ್ದೆಯಲ್ಲಿ ನೀರು ಒಣಗುವಾಗ ಕ್ಯಾಲ್ಸಿಯಂ ಜಿಪ್ಸಂ ಆಗಿ ಮೊದಲೇ ಕೆಳಗೆ ಕೂರುತ್ತದೆ. ಮೆಗ್ನೀಸಿಯಂ ಕೊನೆಯ ಕಹಿನೀರಿನಲ್ಲಿ ಉಳಿದು ಹೊರಹೋಗುತ್ತದೆ. ನಡುವೆ ಸಿಗುವ ಹರಳು ಹೆಚ್ಚುಕಡಿಮೆ ಬರೀ ಸೋಡಿಯಂ ಕ್ಲೋರೈಡ್. ಊಟಕ್ಕೆ ರುಚಿ, ಹವಳಕ್ಕೆ ಉಪವಾಸ. ತುರ್ತಿಗೆ ಎಂದು ಅಕ್ವೇರಿಯಂ ಉಪ್ಪಿನ ಒಂದು ಬಕೆಟ್ ಇಟ್ಟುಕೊಂಡಿದ್ದು: ಲೀಟರಿಗೆ 37 ಗ್ರಾಂ, ಆರ್‌ಒ ನೀರಿನಲ್ಲಿ. ಚಿರೆಕಲ್ಲು ನೆಲದ ಬಾವಿನೀರಿನಲ್ಲಿ ಕಬ್ಬಿಣ ಇರುವುದರಿಂದ ಆರ್‌ಒಗೆ ಮುಂಚೆ ಸೆಡಿಮೆಂಟ್ ಫಿಲ್ಟರ್ ಕಡ್ಡಾಯ, ಅದು ಕೆಂಪಾದ ಕೂಡಲೇ ಬದಲಿಸಿ, ಇಲ್ಲವೆಂದರೆ ಮೆಂಬ್ರೇನ್ ಹೋಗುತ್ತದೆ.

ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಸಿಹಿನೀರಿನಲ್ಲಿ ಸೊನ್ನೆಗೆ ಕೂರಿಸಿದರೆ ಸಾಲದು, ಸಮುದ್ರದ 35ರ (ಸಾವಿರಕ್ಕೆ 35 ಭಾಗ) ಹತ್ತಿರ ಅದು ತಪ್ಪು ತೋರಿಸಬಹುದು. 3.65 ಗ್ರಾಂ ಬರೀ ಸೋಡಿಯಂ ಕ್ಲೋರೈಡ್ ಉಪ್ಪನ್ನು 96.35 ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿದ ದ್ರಾವಣ 35 ಎಂದು ಓದಬೇಕು. ಆಭರಣದಂಗಡಿಯ ಮಾದರಿಯ ಸಣ್ಣ ತಕ್ಕಡಿ ಇದಕ್ಕೆ ಸಾಕು.

4. ಮಾರ್ಚ್–ಏಪ್ರಿಲ್: ಸೈಕಲ್, ಬೆಳಕು

ಸೈಕಲ್ ಎಂದರೆ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾವನ್ನು ತೊಟ್ಟಿಯಲ್ಲಿ ನೆಲೆಗೊಳಿಸುವುದು. ಕ್ಲೋರಿನ್ ಹಾಕಿದ ನೀರಿನಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ. ಓಡುತ್ತಿರುವ ತೊಟ್ಟಿಯೊಂದರ ಸ್ಪಂಜು ಹಿಂಡಿ, ಅಮೋನಿಯಂ ಕ್ಲೋರೈಡ್‌ನಿಂದ ಅಮೋನಿಯಾ 2 ಪಿಪಿಎಂಗೆ ತಂದು ಕಾದದ್ದು. ಅಮೋನಿಯಾ, ನೈಟ್ರೈಟ್ ಎರಡೂ 24 ಗಂಟೆಯಲ್ಲಿ ಸೊನ್ನೆಗಿಳಿಯಲು ಏಪ್ರಿಲ್ ಮಧ್ಯ ಬಂತು. ಮರಳು ಹಾಕಿಲ್ಲ. ಕಡಲದಂಡೆಯ ಮರಳಿನಲ್ಲಿ ಸಿಲಿಕಾ, ನದಿಯ ಮಣ್ಣು ಎರಡೂ ಇವೆ, ಬರಿತಳ ಗುಡಿಸುವುದೂ ಸುಲಭ.

ಬೆಳಕು ಮೀಟರ್ ಹಿಡಿದು ಹವಳ ಕೂರುವ ಜಾಗದಲ್ಲೇ ಅಳೆಯಬೇಕು. ಪೆಲ್ಟಾಟಾಕ್ಕೆ 80–120 ಪಾರ್ (ಪಾಚಿಗೆ ಉಪಯೋಗವಾಗುವ ಬೆಳಕಿನ ಅಳತೆ), ರೆನಿಫಾರ್ಮಿಸ್‌ಗೆ 120–180. ಶುರು ಮಾಡಿದ್ದು 60ರಿಂದ, ಮೂರು ವಾರದಲ್ಲಿ ನಿಧಾನ ಏರಿಕೆ. ಬೆಳಕು ಸಾಲದಾದರೆ ಹಳದಿ ರೆನಿಫಾರ್ಮಿಸ್ ಕಂದಾಗುತ್ತದೆ. ಅದು ಸಾಯುವ ಲಕ್ಷಣವಲ್ಲ, ಗಾಬರಿಯಲ್ಲಿ ಒಮ್ಮೆಲೇ ಬೆಳಕು ಹೆಚ್ಚಿಸಿದರೆ ಮಾತ್ರ ಬಿಳಿಚುತ್ತದೆ.

5. ಮೇ: ಹವಳ ಬಂತು, ಸೆಖೆಯೂ ಬಂತು

ಗುರಿ 26.5 ಡಿಗ್ರಿ. ಮೊದಲು ಫ್ಯಾನ್ ಪರೀಕ್ಷೆ. ನೀರಿನ ಮೇಲೆ ಎರಡು ಫ್ಯಾನ್ ಬಿಟ್ಟರೂ 28.5ಕ್ಕಿಂತ ಕೆಳಗಿಳಿಯಲಿಲ್ಲ. ಇಳಿಯುವಂತೆಯೂ ಇರಲಿಲ್ಲ: ಗಾಳಿ 33 ಡಿಗ್ರಿ, ತೇವಾಂಶ 70 ಪ್ರತಿಶತ ಇದ್ದಾಗ ಒದ್ದೆಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವುದೇ 28ರ ಹತ್ತಿರ. ಆವಿಯಿಂದ ತಂಪು ಮಾಡುವ ಯಾವ ಉಪಾಯಕ್ಕೂ ಅದೇ ಕೊನೆ. ಘಟ್ಟದ ಮೇಲೆ ಶಿರಸಿಯಲ್ಲಿ ಮಾರ್ಚ್‌ನ ಒಣಗಾಳಿಗೆ ಇದೇ ಫ್ಯಾನ್ ಕೆಲಸ ಮಾಡೀತು, ಕಾರವಾರದಲ್ಲಿ ಚಿಲ್ಲರ್ ಇಲ್ಲದೆ ಮೇ ದಾಟುವುದಿಲ್ಲ. ಚಿಲ್ಲರನ್ನು ಸ್ಟ್ಯಾಂಡಿನ ಒಳಗೆ ಇಟ್ಟರೆ ತನ್ನ ಬಿಸಿಯನ್ನು ತಾನೇ ಉಂಡು ನಿಲ್ಲದೆ ಓಡುತ್ತದೆ. ಗೋಡೆಯಾಚೆ, ಮಾಡಿನ ಕೆಳಗೆ ಇಟ್ಟ ಮೇಲೆ ಗಂಟೆಗೆ ಸುಮಾರು 20 ನಿಮಿಷಕ್ಕೆ ಇಳಿಯಿತು.

ಹವಳಗಳನ್ನು ನೇರ ತೊಟ್ಟಿಗೆ ಬಿಡದೆ 40 ಲೀಟರಿನ ಬೇರೆ ಪೆಟ್ಟಿಗೆಯಲ್ಲಿ ನಾಲ್ಕು ವಾರ ಇಟ್ಟಿದ್ದು. ಅಲ್ಲಿ ಹುಡುಕಬೇಕಾದ್ದು ಫೆಸ್ಟಿಲ್ಲಾ ಮೆಲನೊಬ್ರಾಕಿಯಾ ಎಂಬ ಬರಿಮೈ ಸಮುದ್ರಗೊಂಡೆಹುಳ. ಇದು ಡೆಂಡ್ರೊಫಿಲಿಡೇ ಹವಳಗಳನ್ನೇ ತಿನ್ನುತ್ತದೆ, ತಿಂದ ಹವಳದ ಬಣ್ಣವನ್ನೇ ಹೊದ್ದುಕೊಳ್ಳುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಮೊಟ್ಟೆ ಇಡುವುದು ತಳಭಾಗದ ಬೋಳು ಎಲುಬಿನ (ಹವಳದ ಸುಣ್ಣದ ಗೂಡಿನ) ಮೇಲೆ. ಅಯೋಡಿನ್ ಅದ್ದುವಿಕೆ ಹುಳಕ್ಕೆ ತಾಗುತ್ತದೆ, ಮೊಟ್ಟೆಗೆ ತಾಗುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಬುಡಮೇಲು ಮಾಡಿ, ಭೂತಗನ್ನಡಿಯಲ್ಲಿ ನೋಡಿ, ಹಲ್ಲುಜ್ಜುವ ಬ್ರಷ್‌ನಿಂದ ಎಲುಬಿನ ಭಾಗ ಉಜ್ಜಬೇಕು. ಹವಳ ಅಂಟಿಕೊಂಡು ಬಂದ ಪ್ಲಗ್ (ಕೂರಿಸುವ ಬಿಲ್ಲೆ) ಎಸೆದು ಹೊಸದಕ್ಕೆ ಅಂಟಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

6. ಜೂನ್: ಕರೆಂಟ್

ಗಾಳಿಮಳೆಗೆ ಮರ ಬಿದ್ದರೆ ಕರೆಂಟ್ ಬರುವುದು ಮರುದಿನವೂ ಆದೀತು. ಬ್ಯಾಕಪ್‌ನಲ್ಲಿ ಚಿಲ್ಲರ್, ಲೈಟ್, ಸ್ಕಿಮ್ಮರ್ ಯಾವುದೂ ಬೇಡ, ಮಳೆಗಾಲದಲ್ಲಿ ನೀರು ತಾನೇ 27–28ರಲ್ಲಿ ನಿಲ್ಲುತ್ತದೆ. ಬೇಕಾದ್ದು ನೀರಿನ ಚಲನೆ ಮಾತ್ರ. 12 ವೋಲ್ಟ್‌ನ 20 ವ್ಯಾಟ್ ಡಿಸಿ ಪಂಪನ್ನು 100 ಎಎಚ್ ಬ್ಯಾಟರಿಗೆ ನೇರ ಜೋಡಿಸಿದ್ದು. 1,200 ವ್ಯಾಟ್-ಗಂಟೆಯಲ್ಲಿ ಅರ್ಧ ಬಳಸಿದರೂ ಒಂದು ದಿನ ದಾಟುತ್ತದೆ. ನಡುವೆ ಇನ್ವರ್ಟರ್ ಸೇರಿಸಿದರೆ ಪಂಪ್ ಜೊತೆಗೆ ಅದೂ ಬ್ಯಾಟರಿ ಕುಡಿಯುತ್ತದೆ.

ಕರೆಂಟ್ ಹೋದಾಗ ಮೇಲಿನ ತೊಟ್ಟಿಯಿಂದ ಸಂಪಿಗೆ ಇಳಿಯುವ ನೀರು ಒಂದೂವರೆ ಸೆಂ.ಮೀ., ಸುಮಾರು 11 ಲೀಟರ್. ಸಂಪಿನಲ್ಲಿ 64 ಲೀಟರ್ ಜಾಗ ಇರುವುದರಿಂದ ನೆಲ ಒದ್ದೆಯಾಗಲಿಲ್ಲ. ಬ್ಯಾಟರಿ ಟರ್ಮಿನಲ್‌ಗೆ ಗ್ರೀಸ್ ಹಚ್ಚದಿದ್ದರೆ ಉಪ್ಪುಗಾಳಿಗೆ ಹಸಿರು ಪುಡಿ ಕಟ್ಟಿ, ಬೇಕಾದ ರಾತ್ರಿಯೇ ಪಂಪನ್ನು ಬ್ಯಾಟರಿಗೆ ತಿರುಗಿಸುವ ರಿಲೇ ಬಡಿಯುವುದಿಲ್ಲ.

7. ಜುಲೈ: ಕ್ಷಾರ ಕುಸಿತ

ಈ ದಾಖಲೆಯಲ್ಲಿ ಒಂದು ಭಾಗವನ್ನು ಮಾತ್ರ ಓದುವ ವ್ಯವಧಾನವಿದ್ದರೆ ಇದನ್ನು ಓದಿ. 

ಹವಳ ಎಲುಬು ಕಟ್ಟಲು ಕ್ಷಾರ, ಕ್ಯಾಲ್ಸಿಯಂ ಎರಡನ್ನೂ ಎಳೆದುಕೊಳ್ಳುತ್ತದೆ. ಮೇನಲ್ಲಿ ಬಳಕೆ ದಿನಕ್ಕೆ ಸುಮಾರು 0.4 ಡಿಕೆಎಚ್ (ಕ್ಷಾರ ಅಳೆಯುವ ಮಾನ). ಆವಿಯಾದ ನೀರಿನ ಬದಲಿಗೆ ಸುಣ್ಣದ ತಿಳಿ ಹನಿಸುವ ಏರ್ಪಾಡು: ಲ್ಯಾಬ್ ದರ್ಜೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಲೀಟರಿಗೆ 0.75 ಗ್ರಾಂ. ದಿನಕ್ಕೆ ಎರಡೂವರೆ ಲೀಟರ್ ಆವಿಯಾಗುತ್ತಿತ್ತು, ಅಷ್ಟು ತಿಳಿ 340 ಲೀಟರಿಗೆ 0.4 ಡಿಕೆಎಚ್ ಕೊಡುತ್ತದೆ. ಹೇಳಿ ಮಾಡಿಸಿದ ಹಾಗೆ ಸರಿಹೋಯಿತು. ಎಲೆಅಡಿಕೆಯ ಸುಣ್ಣ ಇದಕ್ಕೆ ಬೇಡ, ಅದರಲ್ಲಿ ಏನೇನು ಬೆರೆತಿದೆ ಎಂದು ಡಬ್ಬಿ ಹೇಳುವುದಿಲ್ಲ.

ಜುಲೈನಲ್ಲಿ ಕೋಣೆಯ ತೇವಾಂಶ 90 ದಾಟಿತು. ಆವಿ ದಿನಕ್ಕೆ ಮುಕ್ಕಾಲು ಲೀಟರಿಗೆ ಇಳಿಯಿತು. ಹನಿಸುವ ಯಂತ್ರ ಆವಿಯಾದಷ್ಟೇ ಹನಿಸುತ್ತದೆ, ಸುಣ್ಣವೂ ಅಷ್ಟೇ ಹೋಯಿತು. ಹವಳದ ಹಸಿವು ಮಾತ್ರ ಇಳಿಯಲಿಲ್ಲ. ಒಂದೇ ವಾರದಲ್ಲಿ ಕ್ಷಾರ 8.4ರಿಂದ 6.4ಕ್ಕೆ ಬಂತು. ಪಂಪ್, ಕೊಳವೆ, ಫ್ಲೋಟ್ ಸ್ವಿಚ್ ಎಲ್ಲ ಬಿಚ್ಚಿ ನೋಡಿದರೂ ಯಾವುದೂ ಕೆಟ್ಟಿರಲಿಲ್ಲ. ಕೆಟ್ಟದ್ದು ಹವೆ.

ಪರಿಹಾರ ಎರಡು ಬಾಟಲಿ. ಒಂದರಲ್ಲಿ ಅಡುಗೆ ಸೋಡಾ ಲೀಟರಿಗೆ 84 ಗ್ರಾಂ. ಇನ್ನೊಂದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಲೀಟರಿಗೆ 73.5 ಗ್ರಾಂ. ಈ ಅಳತೆಯಲ್ಲಿ ಕಲಸಿದರೆ ಎರಡನ್ನೂ ಸಮಸಮ ಮಿ.ಲೀ. ಹಾಕಬಹುದು. 340 ಲೀಟರಿಗೆ 1 ಡಿಕೆಎಚ್ ಏರಿಸಲು 121 ಮಿ.ಲೀ. ಮಳೆಗಾಲದ ದಿನದ ಕೊರತೆ 0.29, ಆದ್ದರಿಂದ ಎರಡೂ 35 ಮಿ.ಲೀ., ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಒಟ್ಟಿಗೆ ಸುರಿದರೆ ಬಿಳಿ ಮೋಡವಾಗಿ ಗಟ್ಟಿಯಾಗಿ ತಳ ಸೇರುತ್ತದೆ. ಬಿದ್ದ ಕ್ಷಾರವನ್ನು ದಿನಕ್ಕೆ ಅರ್ಧ ಡಿಕೆಎಚ್‌ಗಿಂತ ವೇಗವಾಗಿ ಎತ್ತಿಲ್ಲ. ನವೆಂಬರ್‌ನಲ್ಲಿ ಗಾಳಿ ಒಣಗಿ ಆವಿ ಹೆಚ್ಚುತ್ತಿದ್ದಂತೆ ಈ ಡೋಸನ್ನು ಇಳಿಸಲು ಮರೆತರೆ ಉಲ್ಟಾ ತೊಂದರೆ.

8. ಆಗಸ್ಟ್: ಬಟ್ಟಲಿನ ತಳ ಕೊಳೆತದ್ದು

ಪೆಲ್ಟಾಟಾ ಬೆಳೆಯುವುದು ದೊನ್ನೆಯ ಆಕಾರದಲ್ಲಿ. ಅದನ್ನು ಮಟ್ಟಸವಾಗಿ ಕೂರಿಸಿದ್ದರಿಂದ ತಿನ್ನದ ಸೀಗಡಿ ಚೂರು, ಮೀನಿನ ಹೊಲಸು ಎಲ್ಲ ನಡುವೆ ನಿಂತು, ಎರಡು ರೂಪಾಯಿ ನಾಣ್ಯದಷ್ಟು ಮಾಂಸ ಕರಗಿ ಎಲುಬು ಕಂಡಿತು. ಹೊರಗಿನಿಂದ ಪಾಲಿಪ್‌ಗಳೆಲ್ಲ ಅರಳಿಯೇ ಇದ್ದವು, ಮೇಲಿನಿಂದ ಇಣುಕದೆ ತಿಳಿಯುವುದಿಲ್ಲ. 45 ಡಿಗ್ರಿ ಓರೆ ಮಾಡಿ ಕೂರಿಸಿ, ಪಂಪಿನ ಹರಿವು ಬಟ್ಟಲನ್ನು ಸವರಿ ಹೋಗುವಂತೆ ತಿರುಗಿಸಿ, ದಿನಾ ಪಿಚಕಾರಿಯಿಂದ ಊದಿದ ಮೇಲೆ ನಿಂತಿತು. ಅಂಚಿನಿಂದ ಮಾಂಸ ಮತ್ತೆ ಹಬ್ಬುತ್ತಿದೆ.

ಆಹಾರ ವಾರಕ್ಕೆರಡು ಸಲ, ಲೈಟ್ ಆರಿದ ಮೇಲೆ, ಪಂಪ್ 15 ನಿಮಿಷ ನಿಲ್ಲಿಸಿ. ಪೆಲ್ಟಾಟಾಕ್ಕೆ ಅಕ್ಕಿಕಾಳಿನಷ್ಟು ಸೀಗಡಿ, ರೆನಿಫಾರ್ಮಿಸ್‌ಗೆ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಜೀವಿಯ ಮರಿ. ನೈಟ್ರೇಟ್ 5–10 ಪಿಪಿಎಂ, ಫಾಸ್ಫೇಟ್ 0.1 ಪಿಪಿಎಂ ಒಳಗೆ.

9. ಅಕ್ಟೋಬರ್: ತುಂಡು ಮಾಡುವುದು

ಎಲುಬು ಕತ್ತರಿಸುವ ಇಕ್ಕುಳ ಕವಲು ಹವಳಕ್ಕೆ ಸರಿ, ಹಾಳೆ ಹವಳವನ್ನು ಅದು ಜಜ್ಜುತ್ತದೆ. ಗರಗಸದ ಬ್ಲೇಡು ಪೆಲ್ಟಾಟಾದಲ್ಲಿ ಅರ್ಧಕ್ಕೆ ಸಿಕ್ಕಿಕೊಂಡಿತು. ಕೆಲಸಕ್ಕೆ ಬಂದದ್ದು ರೋಟರಿ ಯಂತ್ರಕ್ಕೆ 22 ಮಿ.ಮೀ. ವಜ್ರದ ಚಕ್ರ, ಕಡಿಮೆ ವೇಗ, ಪಕ್ಕದಲ್ಲಿ ಒಬ್ಬರು ತೊಟ್ಟಿಯ ನೀರು ಹನಿಸುತ್ತಾ ಇರಬೇಕು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್. ಬೆಳೆಯುತ್ತಿರುವ ತಿಳಿಬಣ್ಣದ ಅಂಚು ಸೇರಿರುವಂತೆ 3 × 4 ಸೆಂ.ಮೀ. ತುಂಡು, ಗೆರೆ ಪಾಲಿಪ್‌ಗಳ ನಡುವೆ ಹೋಗಬೇಕು. ನಡುಭಾಗದ ತುಂಡುಗಳೂ ಬದುಕುತ್ತವೆ, ಆದರೆ ಅಂಚಿನವು ಬೇಗ ಹೊಲಿದುಕೊಳ್ಳುತ್ತವೆ.

ಕೊಲ್ಲುವುದು ಗಾಯವಲ್ಲ, ಎಲುಬಿನ ಹಿಟ್ಟು. ಕತ್ತರಿಸಿದ ಮೇಲೆ ಎರಡು ಬೇರೆ ಬಕೆಟ್‌ನಲ್ಲಿ ಜಾಲಾಡಿ, ತಾಯಿ ಹವಳವನ್ನೂ ಜಾಲಾಡಿ, ಅಯೋಡಿನ್ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಮತ್ತೆ ತೊಳೆದು ಇಟ್ಟಿದ್ದು. ಪ್ಲಗ್‌ಗಳು ಒಡೆದ ಮಂಗಳೂರು ಹೆಂಚಿನವು: 3 ಸೆಂ.ಮೀ. ಚೌಕ, ಹಾವಸೆ ಕೆರೆದು, ಕುದಿಸಿ, ಒಂದು ವಾರ ಉಪ್ಪುನೀರಿನಲ್ಲಿ ನೆನೆಸಿದ್ದು. ಅಂಟು ಸೈನೋಅಕ್ರಿಲೇಟ್ ಜೆಲ್. ನೀರಿನಂಥ ತೆಳು ಅಂಟು ಹೆಂಚಿನ ರಂಧ್ರಕ್ಕೆ ಇಳಿದು ಹೋಗಿ ತುಂಡು ರಾತ್ರೋರಾತ್ರಿ ಉದುರುತ್ತದೆ.

ಇಳಿಜಾರು ಚೌಕಟ್ಟಿನಲ್ಲಿ, 80 ಪಾರ್‌ನಲ್ಲಿ, ಚೆನ್ನಾಗಿ ಹರಿಯುವ ನೀರಿನಲ್ಲಿ ಇಟ್ಟು ಮೂರು ದಿನ ಆಹಾರ ನಿಲ್ಲಿಸಿದ್ದು. ಮೊದಲ ದಿನಗಳಲ್ಲಿ ಲೋಳೆಯ ಪೊರೆ ಕಟ್ಟುತ್ತದೆ, ಉಜ್ಜಬೇಡಿ, ಹರಿವು ಹೆಚ್ಚಿಸಿ.

10. ನವೆಂಬರ್: ಈಗಿನ ಸ್ಥಿತಿ

ರೆನಿಫಾರ್ಮಿಸ್ ತುಂಡುಗಳಲ್ಲಿ ಕತ್ತರಿಸಿದ ಅಂಚಿಗೆಲ್ಲ ಮಾಂಸ ಮುಚ್ಚಿದೆ, ಕೆಲವು ಹೆಂಚಿನ ಮೇಲೆ ಹಬ್ಬಲು ಶುರುವಾಗಿವೆ. ಪೆಲ್ಟಾಟಾದ ತುಂಡುಗಳು ನಿಧಾನ, ಒಂದರ ಮೂಲೆ ಬಿಳಿಯಾಗಿಯೇ ಇದೆ. ಕ್ಷಾರ 8.2 ಡಿಕೆಎಚ್, ಕ್ಯಾಲ್ಸಿಯಂ 420 ಪಿಪಿಎಂ, ಮೆಗ್ನೀಸಿಯಂ 1,290 ಪಿಪಿಎಂ. ಸೋಡಾ ಡೋಸ್ 35ರಿಂದ 20 ಮಿ.ಲೀ.ಗೆ ಇಳಿದಿದೆ, ಆವಿ ಮತ್ತೆ ಎರಡೂವರೆ ಲೀಟರ್ ಮುಟ್ಟಿದರೆ ಅದೂ ನಿಲ್ಲುತ್ತದೆ.

ಬಾಕಿ ಇರುವುದು: ಹರಿವಿನ ಪಂಪ್‌ಗಳಲ್ಲಿ ಒಂದರ ಶಾಫ್ಟ್ ಸುಣ್ಣ ಕಟ್ಟಿ ಬಡಿಯುತ್ತಿದೆ, ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಸಬೇಕು. ಕಪ್ಪು ಟ್ಯಾಂಕಿನ ತಳದ ರಾಡಿ ತೊಳೆದು ಒಣಗಿಸಬೇಕು. ತುಂಡುಗಳು ಸೇರಿ ಮುಂದಿನ ಮಳೆಗಾಲಕ್ಕೆ ಕ್ಷಾರದ ಬಳಕೆ ಹೆಚ್ಚುವುದು ಖಂಡಿತ, ಆದ್ದರಿಂದ ಕೈಯಲ್ಲಿ ಅಳೆದು ಸುರಿಯುವ ಬದಲು ಎರಡು ತಲೆಯ ಡೋಸಿಂಗ್ ಪಂಪ್ ಜೂನ್‌ಗೆ ಮೊದಲು ಬೇಕು.